ಹಾಕಿದ ಟಿಕ್ ಹಾಕಿದ್ದೇ

ಕೊನೆಯ ಗಂಟೆ ಹೊಡೆದು ಐದು ನಿಮಿಷವಾಗಿರಲಿಲ್ಲ, ಲೆಕ್ಕದ ಟೀಚರ್ ಆಗಲೇ ಮೆಟ್ಟಿಲ ಕೆಳಗಿನ ಹಳದಿ ಪೆಟ್ಟಿಗೆಯ ಮುಂದೆ ಬೀಗದ ಕೈ ಹಿಡಿದು ನಿಂತಿದ್ದರು. ಐವತ್ತೆರಡು ವರ್ಷದ ಹೆಂಗಸು, ಮಂಡಿನೋವಿನವರು, ಎರಡನೇ ಮಹಡಿಯಿಂದ ಹೀಗೆ ದಡಬಡ ಇಳಿದು ಬಂದದ್ದನ್ನು ನೋಡಿದ್ದರೆ ಅವರ ಅಕ್ಕ ಚೆನ್ನಾಗಿ ಬೈಯುತ್ತಿದ್ದಳು. ಆದರೆ ಇವತ್ತು ಅವರ ಕಾಲು ನೆಲದ ಮೇಲಿರಲಿಲ್ಲ. ನಾಳೆ ಸಂಜೆ ಮೀಟಿಂಗು. ಇವತ್ತು ಈ ಪೆಟ್ಟಿಗೆಯಲ್ಲಿ ಏನೂ ಸಿಗದಿದ್ದರೆ ನಾಳೆ ಅದು ಗೋಡೆಯಿಂದ ಇಳಿಯುತ್ತದೆ, ಅವರ ಮಾತು ಗೆಲ್ಲುತ್ತದೆ.

ಪೆಟ್ಟಿಗೆಯ ಯೋಚನೆ ಚಿತ್ರಕಲೆಯ ಮೇಷ್ಟ್ರದು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗ, ಅಂಗಿಯ ತೋಳಿನಲ್ಲಿ ಯಾವಾಗಲೂ ಬಣ್ಣ. ಬಣ್ಣ ನೋಡಿಯೋ, ಮಾತಿನ ಧಾಟಿ ನೋಡಿಯೋ, ಮನೆ ಎಲ್ಲಿದೆ ಅಂತ ನೋಡಿಯೋ ತನ್ನನ್ನು ಶಾಲೆಯಲ್ಲಿ ಯಾರಾದರೂ ಬೇರೆ ಥರ ನಡೆಸಿಕೊಂಡರು ಅಂತ ಮಗುವಿಗೆ ಅನ್ನಿಸಿದರೆ, ಹೆಸರು ಹಾಕದೆ ಒಂದು ಚೀಟಿ ಬರೆದು ಹಾಕಲಿ ಅಂತ ಅವನ ವಾದ. ತಾನೇ ಹಲಗೆ ಕೊಯ್ದು, ಮೊಳೆ ಹೊಡೆದು, ಹಳದಿ ಬಳಿದು, ಹೆಸರು ಹಾಕಬೇಡಿ ಅಂತ ಮೇಲೆ ದೊಡ್ಡದಾಗಿ ಬರೆದು ತಂದಿದ್ದ.

ಆ ದಿನ ಸ್ಟಾಫ್ ರೂಮಿನಲ್ಲಿ ಲೆಕ್ಕದ ಟೀಚರ್ ಆಡಿದ ಮಾತು ಪಕ್ಕದ ರಸ್ತೆಗೂ ಕೇಳಿಸಿರಬೇಕು.

"ಇದು ದೂರು ಪೆಟ್ಟಿಗೆ ಅಲ್ಲ ಮೇಷ್ಟ್ರೇ, ಚಾಡಿ ಪೆಟ್ಟಿಗೆ! ಇಪ್ಪತ್ತೆಂಟು ವರ್ಷ ಆಯ್ತು ನಾನು ಈ ಶಾಲೆಗೆ ಬಂದು. ಯಾವ ಮಗು ಬೇಕಾದ್ರೂ ನನ್ನ ಎದುರಿಗೆ ನಿಂತು ಹೇಳ್ಬಹುದು. ಒಂದಾದ್ರೂ ಬಂದು ಹೇಳಿದೆಯಾ, ಟೀಚರ್ ನೀವು ಭೇದ ಮಾಡ್ತೀರಿ ಅಂತ? ಹೆಸರಿಲ್ಲದ ಚೀಟಿಯಿಂದ ಯಾರ ಮಾನ ಬೇಕಾದ್ರೂ ತೆಗೀಬಹುದು, ಗೊತ್ತಾ?"

ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಕೊನೆಗೆ ಹೆಡ್‌ಮಿಸ್ ಒಂದು ತಿಂಗಳು ನೋಡೋಣ ಅಂದರು. ತಿಂಗಳಲ್ಲಿ ಒಂದಾದರೂ ಗಟ್ಟಿ ದೂರು ಬಂದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಆಮೇಲೆ ಆ ಜಾಣ ಹೆಂಗಸು ಬೀಗದ ಕೈಯನ್ನು ಸೀದಾ ಲೆಕ್ಕದ ಟೀಚರ್ ಕೈಗೆ ಹಾಕಿದರು.

"ನೀವೇ ತೆಗೀರಿ, ಒಬ್ಬರೇ ಓದಿ. ಪೆಟ್ಟಿಗೆ ಬೇಡ ಅಂದೋರು ನೀವು. ನೀವು ಏನು ಹೇಳಿದ್ರೂ ಎಲ್ಲರೂ ನಂಬ್ತಾರೆ."

ಲೆಕ್ಕದ ಟೀಚರಿಗೆ ಆಗ ಇದು ಹೊಗಳಿಕೆಯ ಹಾಗೆ ಕೇಳಿಸಿತ್ತು.

ಮೂರು ವಾರ ಸಿಕ್ಕಿದ್ದೆಲ್ಲ ತಮಾಷೆ. ಆಟದ ಮೇಷ್ಟ್ರ ಸೀಟಿಯಿಂದ ಕಿವಿ ನೋಯುತ್ತದೆ ಅಂತ ಒಂದು. ಶನಿವಾರವೂ ರಜೆ ಬೇಕು ಅಂತ ನಾಲ್ಕು, ನಾಲ್ಕೂ ಒಂದೇ ಕೈಬರಹ. ಒಂದು ಮಿಠಾಯಿ ಕಾಗದ, ಒಂದು ಮುರಿದ ಅಳತೆಪಟ್ಟಿ. ಟೀಚರ್ ಪ್ರತಿ ಸಲ ಅವನ್ನು ಸ್ಟಾಫ್ ರೂಮಿಗೆ ತಂದು ನಾಟಕದವರ ಹಾಗೆ ಗಟ್ಟಿಯಾಗಿ ಓದಿ, ಚಿತ್ರದ ಮೇಷ್ಟ್ರ ಮುಖ ಕೆಂಪಾಗುವುದನ್ನು ನೋಡಿ ಖುಷಿಪಟ್ಟಿದ್ದರು.

ಇವತ್ತು ಪೆಟ್ಟಿಗೆಯೊಳಗೆ ಒಂದೇ ಚೀಟಿ ಇತ್ತು. ಗಣಿತದ ನೋಟ್‌ಬುಕ್ಕಿನ ಚೌಕುಳಿ ಹಾಳೆ, ಎಂಟು ಮಡಿಕೆ. ಟೀಚರ್ ಅದನ್ನು ಮುಷ್ಟಿಯಲ್ಲಿ ಹಿಡಿದು ಮೊದಲ ಮಹಡಿಯ ಸ್ಟಾಫ್ ರೂಮಿಗೆ ಬಂದರು. ಎಲ್ಲರೂ ಹೊರಟುಹೋಗಿದ್ದರು. ಮೇಜಿನ ಮೇಲೆ ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿ ಇತ್ತು. ಕುರ್ಚಿ ಎಳೆದು ಕೂತು ಮಡಿಕೆ ಬಿಚ್ಚಿದರು.

"ಲೆಕ್ಕದ ಕ್ಲಾಸಿನಲ್ಲಿ ಇಲ್ಲಿಯವರೆಗೆ 74 ನಕ್ಷತ್ರದ ಲೆಕ್ಕ ಬಂದಿವೆ. ಸೇತುವೆಯಾಚೆಯಿಂದ ಬರುವವರು ನಾವು 11 ಜನ. ನಮಗೆ ಒಂದೂ ಸಿಕ್ಕಿಲ್ಲ. ಕೈ ಎತ್ತಿದರೆ ಟೀಚರ್, ನಿನಗೆ ಬೇಡ ಪುಟ್ಟಾ, ಕಷ್ಟ ಆಗುತ್ತೆ ಅನ್ನುತ್ತಾರೆ. ಕಷ್ಟ ಆಗುತ್ತೋ ಇಲ್ಲವೋ ನಾವೂ ನೋಡಬೇಕು."

ಇಲ್ಲಿ ಟೀಚರ ಒಂದು ಅಭ್ಯಾಸ ಹೇಳಲೇಬೇಕು. ಅವರ ತುರುಬಿನಲ್ಲಿ ಸದಾ ಒಂದು ಕೆಂಪು ಪೆನ್ನು ಸಿಕ್ಕಿಸಿರುತ್ತದೆ. ಯಾವುದೇ ಕಾಗದ ಓದಿ ಮುಗಿಸಿದರೂ, ಅದರಲ್ಲಿ ವಿಷಯ ನೆಟ್ಟಗಿದ್ದರೆ, ಕೈ ತಾನಾಗಿಯೇ ತುರುಬಿಗೆ ಹೋಗಿ, ಪೆನ್ನು ತೆಗೆದು, ಕೆಳಗೊಂದು ಟಿಕ್ ಹಾಕಿ, ಸಹಿ ಮಾಡಿ, ತಾರೀಖು ಬರೆದುಬಿಡುತ್ತದೆ. ಮನೆಯ ಸಾಮಾನಿನ ಪಟ್ಟಿಗೂ ಟಿಕ್ ಬಿದ್ದಿದೆ, ತಂಗಿಯ ಮಗಳ ಮದುವೆ ಕಾಗದಕ್ಕೂ ಬಿದ್ದಿದೆ.

ಈ ಚೀಟಿಯಲ್ಲಿ ವಿಷಯ ಬಹಳ ನೆಟ್ಟಗಿತ್ತು. ಕೊಟ್ಟಿರುವುದೇನು, ಹಂತವೇನು, ಕೊನೆಗೆ ಬಂದದ್ದೇನು, ಒಂದರ ಕೆಳಗೊಂದು. ಇಂಥ ಅಚ್ಚುಕಟ್ಟು ಬರವಣಿಗೆ ಕಂಡರೆ ಅವರ ಮನಸ್ಸು ಅರಳುತ್ತದೆ. ಕೈ ತುರುಬಿಗೆ ಹೋಯಿತು. ಟಿಕ್, ಸಹಿ, ತಾರೀಖು.

ತಾರೀಖಿನ ಕೊನೆಯ ಅಂಕಿ ಬರೆಯುವಾಗ ಕೈ ನಿಂತಿತು. ಲೆಕ್ಕದ ಕ್ಲಾಸು ಅಂದರೆ ಯಾರ ಕ್ಲಾಸು? ನಕ್ಷತ್ರದ ಲೆಕ್ಕ ಕೊಡುವವರು ಈ ಶಾಲೆಯಲ್ಲಿ ಇನ್ಯಾರಿದ್ದಾರೆ?

"ಅಯ್ಯೋ!" ಅಂದರು, ಖಾಲಿ ಕೋಣೆಗೆ ಕೇಳುವ ಹಾಗೆ.

ನಕ್ಷತ್ರದ ಲೆಕ್ಕ ಅವರ ಜೀವ. ದಿನಾ ಒಂದು ಕಾರ್ಡು, ಮೂಲೆಯಲ್ಲಿ ಕೆಂಪು ನಕ್ಷತ್ರ, ತಲೆ ತಿರುಗಿಸುವಂಥ ಒಂದು ಲೆಕ್ಕ. ಕ್ಲಾಸಿನ ಮೊದಲ ಐದು ನಿಮಿಷದಲ್ಲಿ ಅದನ್ನು ಯಾರಿಗಾದರೂ ಕೊಡುವುದು, ಅವರು ಕೊನೆಯಲ್ಲಿ ಬೋರ್ಡಿಗೆ ಬಂದು ಬಿಡಿಸಿ ತೋರಿಸುವುದು, ಗೋಡೆಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಕ್ಷತ್ರ ಅಂಟಿಸುವುದು. ಮಕ್ಕಳು ಆ ಕಾರ್ಡಿಗೆ ಜೀವ ಬಿಡುತ್ತಿದ್ದರು.

ಸುಳ್ಳು, ಅಂತ ಅವರಿಗೆ ಮೊದಲು ಅನ್ನಿಸಿತು. ಕೋಪವೂ ಬಂತು. ನಾನು? ಭೇದ? ನಾನು ಆ ಮಕ್ಕಳಿಗೆ ನನ್ನ ಊಟದ ಡಬ್ಬಿ ಕೊಟ್ಟಿಲ್ಲವೇ? ಚೀಟಿ ಹಿಡಿದು ಮತ್ತೆ ಎರಡನೇ ಮಹಡಿಗೆ ಹತ್ತಿದರು, ಈ ಸಲ ಮಂಡಿ ನೋಯುತ್ತಿದ್ದುದೂ ಗೊತ್ತಾಗಲಿಲ್ಲ. ಕ್ಲಾಸಿನ ದೀಪ ಹಾಕಿ ಗೋಡೆಯ ಪಟ್ಟಿಯ ಮುಂದೆ ನಿಂತರು.

ಮೂವತ್ತೆಂಟು ಹೆಸರು. ಮೇಲುಗಡೆ ಕೆಂಪೋ ಕೆಂಪು. ಕೆಲವರ ಮುಂದೆ ಜಾಗ ಸಾಲದೆ ನಕ್ಷತ್ರದ ಮೇಲೆ ನಕ್ಷತ್ರ ಅಂಟಿಸಿದ್ದರು. ಕೆಳಗೆ, ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡಲು ಬೇರೆ ಕಡೆಯಿಂದ ಬಂದು ಸೇತುವೆಯಾಚೆ ಮನೆ ಮಾಡಿಕೊಂಡವರ ಮಕ್ಕಳ ಹೆಸರು. ಅವರ ಬಸ್ಸು ಎಲ್ಲರಿಗಿಂತ ತಡವಾಗಿ ಬರುತ್ತದೆ, ಹಾಗಾಗಿ ಹಿಂದಿನ ಬೆಂಚುಗಳೇ ಅವರಿಗೆ. ಹನ್ನೊಂದು ಹೆಸರು. ಹನ್ನೊಂದರ ಮುಂದೂ ಬಿಳಿ ಗೋಡೆಯಂಥ ಖಾಲಿ. ಎಪ್ಪತ್ತನಾಲ್ಕು ಸಲ ಈ ಪಟ್ಟಿಯ ಮುಂದೆ ಅಂಟು ಹಿಡಿದು ನಿಂತವರು ಅವರೇ. ಒಂದು ಸಲವೂ ಕಣ್ಣು ಕೆಳಗೆ ಹೋಗಿರಲಿಲ್ಲ.

ನಾಚಿಕೆಯಾಯಿತು. 

ಮನೆಯಲ್ಲಿ ಅಕ್ಕ ಬಟಾಣಿ ಸುಲಿಯುತ್ತ ಕೂತಿದ್ದಳು. ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಗಂಡ ಹೋದ ಮೇಲೆ ಟೀಚರ ಜೊತೆಗೇ ಇದ್ದಳು. ಟೀಚರ್ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

"ಯಾರಾದ್ರೂ ನೋಡಿದ್ರಾ?" ಅಂದಳು ಅಕ್ಕ.

"ಇಲ್ಲ."

"ಮತ್ತೆ ಹರಿದು ಬಿಸಾಡು. ಪೆಟ್ಟಿಗೆ ಖಾಲಿ ಇತ್ತು ಅನ್ನು. ನಾಳೆ ಗೆದ್ದು ಬಾ."

"ಆಗಲ್ಲ ಅಕ್ಕ."

"ಯಾಕಾಗಲ್ಲ?"

"ಟಿಕ್ ಹಾಕಿಬಿಟ್ಟೆ."

ಅಕ್ಕ ಬಟಾಣಿ ತಟ್ಟೆಯನ್ನು ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಮ್ಮು ಬಂದು ನೀರು ಕುಡಿಯಬೇಕಾಯಿತು. ಅವಳಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಹಿಂದೊಮ್ಮೆ ತಪ್ಪು ಉತ್ತರಕ್ಕೆ ಟೀಚರ್ ಕಣ್ತಪ್ಪಿ ಟಿಕ್ ಹಾಕಿದ್ದರು, ಆ ಹುಡುಗ ತಾನೇ ಬಂದು ಹೇಳಿದ್ದ. ಆಗ ಟೀಚರ್ ಇಡೀ ಕ್ಲಾಸಿನ ಮುಂದೆ ಹೇಳಿದ್ದರು, "ಹಾಕಿದ ಟಿಕ್ ಹಾಕಿದ್ದೇ. ತಪ್ಪು ನಂದು, ಮಾರ್ಕ್ಸು ನಿಂದು." ಅವತ್ತಿನಿಂದ ಇವತ್ತಿನವರೆಗೆ ಅವರು ಒಂದು ಟಿಕ್ಕನ್ನೂ ಹಿಂದಕ್ಕೆ ತೆಗೆದವರಲ್ಲ, ಟಿಕ್ ಬಿದ್ದ ಕಾಗದವನ್ನು ಹರಿದವರಲ್ಲ. ಮಕ್ಕಳು ಬೆಳೆದು ಮಕ್ಕಳ ತಂದೆತಾಯಿಯರಾದರೂ ಆ ಮಾತು ಹೇಳಿಕೊಂಡು ನಗುತ್ತಿದ್ದರು.

"ಆದ್ರೆ ನನ್ನ ಎದುರಿಗೇ ಬಂದು ಹೇಳ್ಬಹುದಿತ್ತಲ್ಲ ಅಕ್ಕ?" ಅಂದರು ಟೀಚರ್. ಅದೇ ಅವರಿಗೆ ನೋವಾಗಿದ್ದು. "ನಾನೇನು ಹುಲಿನಾ?"

ಅಕ್ಕ ಮತ್ತೆ ಬಟಾಣಿಗೆ ಕೈ ಹಾಕಿದಳು. "ವಾರ್ಡಿನಲ್ಲಿ ನಾನು ದಿನಾ ಕೇಳ್ತಿದ್ದೆ, ನೋವಾಯ್ತಾ ಅಂತ. ಎಲ್ಲರೂ ಇಲ್ಲ ಸಿಸ್ಟರ್ ಇಲ್ಲ ಸಿಸ್ಟರ್ ಅಂತಿದ್ರು. ನನ್ನ ಕೈ ಹಗುರ ಅಂತ ನಾನು ಬೀಗ್ತಿದ್ದೆ ಕಣೇ. ಆಮೇಲೆ ಹೊಳೀತು. ಕೇಳೋಳೂ ನಾನೇ, ಮತ್ತೆ ಸಂಜೆ ಸೂಜಿ ಚುಚ್ಚೋಳೂ ನಾನೇ. ನನ್ನ ಮುಂದೆ ಯಾರು ಹೌದು ಅಂತಾರೆ?"

ಟೀಚರ್ ಬಟಾಣಿಯ ಸಿಪ್ಪೆಯೊಂದನ್ನು ತೆಗೆದುಕೊಂಡು ಚೂರು ಚೂರು ಮಾಡಿದರು.  ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ನಿಂತು, "ಅಕ್ಕ, ಕತ್ತರಿ ಎಲ್ಲಿ?" ಅಂದರು. ಕಣ್ಣಲ್ಲಿ ಆಗಲೇ ಬೇರೆಯೇ ಹೊಳಪು ಬಂದಿತ್ತು.

ಮರುದಿನ ಮೂರನೇ ಪಿರಿಯಡ್ಡು. ಟೀಚರ್ ಒಳಗೆ ಬಂದಾಗ ಕೈಯಲ್ಲಿ ಸೀಮೆಸುಣ್ಣದ ತಗಡಿನ ಡಬ್ಬಿ ಇತ್ತು. ಅಲ್ಲಾಡಿಸಿದರೆ ಸರಸರ ಸದ್ದು.

"ಇದರಲ್ಲಿ ಮೂವತ್ತೆಂಟು ಚೀಟಿ ಇದೆ. ನಿಮ್ಮೆಲ್ಲರ ನಂಬರು. ಇವತ್ತಿನಿಂದ ನಕ್ಷತ್ರದ ಲೆಕ್ಕ ಯಾರಿಗೆ ಅಂತ ನಾನು ಹೇಳಲ್ಲ, ಡಬ್ಬಿ ಹೇಳುತ್ತೆ!"

ಕ್ಲಾಸು ಹೋ ಅಂದಿತು. ಮುಂದಿನ ಬೆಂಚಿನ ನಕ್ಷತ್ರದ ಸರದಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚುಗಳಲ್ಲಿ ಬೆನ್ನುಗಳು ನೆಟ್ಟಗಾದವು. ಟೀಚರಿಗೆ ಅದು ಕಾಣಿಸಿತು, ಡಬ್ಬಿಯನ್ನು ಇನ್ನೂ ಜೋರಾಗಿ ಕುಲುಕಿದರು.

ಮೊದಲ ಚೀಟಿ ಅವತ್ತು ಜ್ವರದಿಂದ ಬಾರದ ಹುಡುಗನದು. "ಛೇ!" ಅಂತ ಮೂವತ್ತೇಳು ಬಾಯಿ ಒಟ್ಟಿಗೇ. ಎರಡನೆಯದು ಇಪ್ಪತ್ತೊಂಬತ್ತು. ಕನ್ನಡಕದ ಹುಡುಗ. ಸೇತುವೆಯಾಚೆಯವನು, ಕ್ಲಾಸಿನಲ್ಲಿ ಹಾಜರಿ ಹೇಳುವುದಕ್ಕೆ ಬಿಟ್ಟರೆ ಬಾಯಿ ತೆರೆಯದವನು. ಅವನು ತನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದ.

ಟೀಚರ್ ಅವನಿಗೆ ಅರ್ಥವಾಗಲಿ ಅಂತ ಒಂದೊಂದೇ ಮಾತನ್ನು ಬಿಡಿಸಿ, ಸ್ವಲ್ಪ ದನಿ ಏರಿಸಿ ಕರೆದರು. "ಬಾ... ಪುಟ್ಟಾ. ಹೆದರ್ಕೋಬೇಡ. ನಿಧಾನವಾಗಿ... ಓದು."

ಕಾರ್ಡಿನಲ್ಲಿದ್ದ ಲೆಕ್ಕ ಇದು. ಒಂದು ಪಂದ್ಯಾವಳಿ. ಆಡುವವರು ನಲವತ್ತೈದು ಜನ. ಇಬ್ಬಿಬ್ಬರು ಆಡಬೇಕು, ಸೋತವರು ಮನೆಗೆ. ಜೋಡಿ ಸಿಗದೆ ಒಬ್ಬರು ಉಳಿದರೆ ಅವರು ಆಡದೆಯೇ ಮುಂದಿನ ಸುತ್ತಿಗೆ. ಕೊನೆಗೆ ಒಬ್ಬ ಚಾಂಪಿಯನ್ ಸಿಗಬೇಕಾದರೆ ಒಟ್ಟು ಎಷ್ಟು ಪಂದ್ಯ ಆಗಬೇಕು?

ಹದಿನೈದು ವರ್ಷದಿಂದ ಟೀಚರ್ ಇದನ್ನು ಸುತ್ತು ಸುತ್ತಾಗಿ ಬಿಡಿಸಿ ತೋರಿಸುತ್ತಿದ್ದರು. ಬೋರ್ಡಿನ ಎಡತುದಿಯಿಂದ ಬಲತುದಿಯವರೆಗೂ ಬರುವ ದೊಡ್ಡ ಚಿತ್ರ, ಅದರ ಮೇಲೆ ಅವರಿಗೆ ಬಹಳ ಹೆಮ್ಮೆ. ಕನ್ನಡಕದ ಹುಡುಗನೂ ಹಾಗೆಯೇ ಶುರುಮಾಡಿದ. ಮೊದಲ ಸುತ್ತು ಇಪ್ಪತ್ತೆರಡು ಪಂದ್ಯ, ಒಬ್ಬ ಉಳಿದ. ಈಗ ಇಪ್ಪತ್ತಮೂರು ಜನ. ಹನ್ನೊಂದು ಪಂದ್ಯ, ಮತ್ತೆ ಒಬ್ಬ ಉಳಿದ. ಅಲ್ಲಿ ಅವನ ಕೈ ಗಲಿಬಿಲಿಯಾಯಿತು. ಉಳಿದವನನ್ನು ಎರಡು ಸಲ ಸೇರಿಸಿದ, ಒರೆಸಿದ, ಮತ್ತೆ ಬರೆದ. ಕಿವಿ ಕೆಂಪಾಯಿತು. ಆದರೆ ಸೀಮೆಸುಣ್ಣ ಕೆಳಗಿಡಲಿಲ್ಲ.

ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಕೈ ಅಷ್ಟೇ ಅಲ್ಲ, ಕೈಯ ಜೊತೆಗೆ ಇಡೀ ಹುಡುಗಿಯೇ ಎದ್ದಳು. ಎರಡು ಜಡೆ ಅಂತಲೇ ಎಲ್ಲರೂ ಕರೆಯುವ ಹುಡುಗಿ.

"ಟೀಚರ್! ಟೀಚರ್! ಅವನು ಗೆದ್ದೋರನ್ನ ಎಣಿಸ್ತಿದ್ದಾನೆ!"

"ಮತ್ತೆ ಯಾರನ್ನ ಎಣಿಸ್ಬೇಕು?"

"ಸೋತೋರನ್ನ ಎಣಿಸ್ಬೇಕು ಟೀಚರ್!"

ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ. "ಬಾ ಇಲ್ಲಿ," ಅಂದರು. 

ಹುಡುಗಿ ಕನ್ನಡಕದ ಹುಡುಗನ ಪಕ್ಕ ನಿಂತು ಅವನಿಗೇ ಹೇಳುವ ಹಾಗೆ ಹೇಳಿದಳು. "ನೋಡೋ. ಒಂದು ಪಂದ್ಯ ಆದ್ರೆ ಒಬ್ಬ ಮನೆಗೆ ಹೋಗ್ತಾನೆ. ಒಬ್ಬನೇ. ಕೊನೆಗೆ ಒಬ್ಬ ಉಳೀಬೇಕು ಅಂದ್ರೆ ಎಷ್ಟು ಜನ ಮನೆಗೆ ಹೋಗ್ಬೇಕು?"

ಹುಡುಗ ಕನ್ನಡಕ ಮೇಲಕ್ಕೆ ತಳ್ಳಿದ. "ನಲವತ್ನಾಲ್ಕು."

"ಅಷ್ಟೇ!" ಅಂತ ಹುಡುಗಿ ಸೀಮೆಸುಣ್ಣ ಕಸಿದುಕೊಂಡು ಬೋರ್ಡಿನ ನಡುವೆ ದೊಡ್ಡದಾಗಿ 44 ಅಂತ ಬರೆದಳು.

 ಆಮೇಲೆ ಟೀಚರ್ ಚಪ್ಪಾಳೆ ತಟ್ಟಿದರು. ತಟ್ಟಿದರು ಅಂದರೆ ಸಾಲದು, ಇದ್ದ ಜಾಗದಲ್ಲೇ ಹಾರಿದರು. ಮಂಡಿ ಲಟ್ಟೆಂದಿತು. "ಹದಿನೈದು ವರ್ಷ! ಹದಿನೈದು ವರ್ಷ ಬೋರ್ಡು ತುಂಬಾ ಬರೆದಿದ್ದೀನಲ್ಲೋ! ಒಂದೇ ಸಾಲು! ಒಂದೇ ಸಾಲಿನ ಲೆಕ್ಕ!" ಮುಂದಿನ ಬೆಂಚಿನವರು ಡೆಸ್ಕು ಬಡಿದರು, ಹಿಂದಿನ ಬೆಂಚಿನವರು ಬೆಂಚು ಹತ್ತಿದರು. ಸದ್ದಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಚಿತ್ರದ ಮೇಷ್ಟ್ರು ಏನೋ ಅನಾಹುತವಾಯಿತು ಅಂತ ಓಡಿ ಬಂದು ಕಿಟಕಿಯಲ್ಲಿ ಇಣುಕಿದರು.

"ಏನಾಯ್ತು ಟೀಚರ್?"

"ನೋಡಿ ಮೇಷ್ಟ್ರೇ, ನೋಡಿ ಬೋರ್ಡು!"

ಮೇಷ್ಟ್ರು ಪಾಪ, ಲೆಕ್ಕ ಎಲ್ಲಿ ನೋಡಿಯಾರು, ಅವರು ನೋಡಿದ್ದು ಅಂಕಿಯ ಅಂದವನ್ನು. "ಆ ನಾಲ್ಕರ ಬಾಲ ಎಷ್ಟು ಚೆನ್ನಾಗಿ ಸುತ್ತಿದ್ದಾಳೆ ಟೀಚರ್! ಸಾವಿರ ಜನ ಬರೆದ್ರೂ ಇದು ಯಾರ ನಾಲ್ಕು ಅಂತ ಹೇಳಿಬಿಡಬಹುದು."

ಟೀಚರ್ ಬೋರ್ಡಿನ ಕಡೆ ತಿರುಗಿದರು. ಎರಡು ನಾಲ್ಕು, ಎರಡಕ್ಕೂ ಕೆಳಗೆ ಸಣ್ಣ ಸುರುಳಿ. ನಿನ್ನೆಯ ಚೀಟಿಯ 74ರಲ್ಲೂ ಅದೇ ಸುರುಳಿ ಇತ್ತು. ಕೋಪ, ನಾಚಿಕೆಗಳ ಗಡಿಬಿಡಿಯಲ್ಲಿ ನಿನ್ನೆ ಅದರ ಕಡೆ ಗಮನವೇ ಹೋಗಿರಲಿಲ್ಲ. ಹುಡುಗಿ ಕೈಯ ಸುಣ್ಣ ಒರೆಸಿಕೊಂಡು ಅವರನ್ನೇ ನೋಡುತ್ತಿದ್ದಳು, ಮುಖದ ತುಂಬ ನಗು. ಈ ಚೀಟಿಯನ್ನು ಇವತ್ತು ಸಂಜೆ ಮೇಜಿನ ಮೇಲಿಟ್ಟರೆ ಚಿತ್ರದ ಮೇಷ್ಟ್ರು ನೋಡಿದ ಕೂಡಲೇ ಹೆಸರು ಹೇಳುತ್ತಾರೆ. ಅವರೊಬ್ಬರೇ ಏನು, ಈ ಮಕ್ಕಳ ನೋಟ್‌ಬುಕ್ಕು ತಿದ್ದುವ ಯಾರು ಬೇಕಾದರೂ ಹೇಳುತ್ತಾರೆ. ಹೆಸರು ಹಾಕಬೇಡಿ ಅಂತ ಅಷ್ಟು ದೊಡ್ಡ ಅಕ್ಷರದಲ್ಲಿ ಪೆಟ್ಟಿಗೆಯ ಮೇಲೆ ಬರೆದವರಿಗೆ, ಮೇಷ್ಟ್ರುಗಳಿಗೆ ಕೈಬರಹವೇ ಹೆಸರು ಅಂತ ಹೊಳೆದಿರಲಿಲ್ಲ. ಆ ಮಗು ಅದನ್ನು ನಂಬಿ ಬರೆದಿತ್ತು.

ಇಬ್ಬರೂ ಸೇರಿ ಬಿಡಿಸಿದ್ದು ಅಂತ ಎರಡು ಜಡೆಗೂ ಕನ್ನಡಕಕ್ಕೂ ಪಟ್ಟಿಯಲ್ಲಿ ಒಂದೊಂದು ನಕ್ಷತ್ರ ಅಂಟಿಸಿದರು. 

ಸಂಜೆ ಮೀಟಿಂಗಿನಲ್ಲಿ ಎಲ್ಲರೂ ಕೂತಿದ್ದರು. ಚಿತ್ರದ ಮೇಷ್ಟ್ರು ಸೋಲಿಗೆ ತಯಾರಾಗಿ ಬಂದಿದ್ದರು, ಪೆಟ್ಟಿಗೆ ಇಳಿಸಲು ಜೇಬಿನಲ್ಲಿ ಸ್ಕ್ರೂ ಡ್ರೈವರ್ ಕೂಡ ಇತ್ತು. ಆಟದ ಮೇಷ್ಟ್ರು ಲೆಕ್ಕದ ಟೀಚರ್ ಕಡೆಯವರು, ಅವರು ಆಗಲೇ ಮುಸಿಮುಸಿ ನಗುತ್ತಿದ್ದರು. "ಇವತ್ತೇನು ಸಿಕ್ತು ಟೀಚರ್, ಮಿಠಾಯಿನಾ ಚ್ಯೂಯಿಂಗ್ ಗಮ್ಮಾ?"

ಟೀಚರ್ ಒಂದು ಹಾಳೆ ತೆಗೆದು ಮೇಜಿನ ನಡುವೆ ಇಟ್ಟರು. ಹೆಡ್‌ಮಿಸ್ ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು. ಎಪ್ಪತ್ತನಾಲ್ಕು ನಕ್ಷತ್ರ, ಹನ್ನೊಂದು ಮಕ್ಕಳು, ಒಂದೂ ಸಿಕ್ಕಿಲ್ಲ, ನಿನಗೆ ಬೇಡ ಪುಟ್ಟಾ. 

"ಟೀಚರ್," ಅಂದರು ಆಟದ ಮೇಷ್ಟ್ರು, ಹಾಳೆಯನ್ನು ಬಗ್ಗಿ ನೋಡುತ್ತ, "ಇದು ನಿಮ್ಮದೇ ಅಕ್ಷರ ಅಲ್ವಾ?"

"ಹೌದು."

"ಅಂದ್ರೆ ನಿಮ್ಮ ಮೇಲೆ ನೀವೇ ದೂರು ಬರೆದ್ಕೊಂಡ್ರಾ?"

"ಎಷ್ಟು ಹೊತ್ತು ಹಿಡೀತು ಮೇಷ್ಟ್ರೇ, ಅದು ನನ್ನ ಅಕ್ಷರ ಅಂತ ಗೊತ್ತಾಗೋಕೆ? ಒಂದು ಚಿಟಿಕೆ ಹೊಡೆಯೋಷ್ಟೂ ಇಲ್ಲ. ಮಕ್ಕಳ ಅಕ್ಷರನೂ ನಮಗೆಲ್ಲ ಹಾಗೇ ಗೊತ್ತಾಗುತ್ತೆ. ಅದಕ್ಕೇ ನಕಲು ಮಾಡಿದ್ದೀನಿ. ಬರೆದ ಮಗು ಬೇರೆ. ಅಸಲು ನನ್ನ ಹತ್ರ ಇದೆ, ತೋರಿಸಲ್ಲ."

"ನಾವು ಹೇಗೆ ನಂಬೋದು?"

ಇದಕ್ಕೆ ಹೆಡ್‌ಮಿಸ್ಸೇ ಉತ್ತರ ಕೊಟ್ಟರು. "ಪೆಟ್ಟಿಗೆ ಬೇಡ ಅಂತ ಕುಣಿದೋರು, ತಮ್ಮ ಮೇಲಿನ ದೂರನ್ನ ತಾವೇ ತಂದಿಟ್ಟಿದ್ದಾರೆ. ಇನ್ನು ಹೇಗೆ ಬೇಕು ನಂಬಿಕೆ?"

"ಅದಿರ್ಲಿ, ದೂರು ನಿಜಾನಾ?" ಅಂತ ಚಿತ್ರದ ಮೇಷ್ಟ್ರು ಮೆಲ್ಲಗೆ ಕೇಳಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಪಾಪ ಅನ್ನಿಸಿದ ಹಾಗಿತ್ತು.

ಟೀಚರ್ ತುರುಬಿನ ಪೆನ್ನು ಮುಟ್ಟಿಕೊಂಡರು. "ನಾನು ಮೊದಲು ಟಿಕ್ ಹಾಕಿದೆ. ಆಮೇಲೆ ಹೋಗಿ ಗೋಡೆ ಮೇಲಿನ ಪಟ್ಟಿ ನೋಡಿದೆ. ಉಲ್ಟಾ ಕೆಲಸ, ಒಪ್ಕೋತೀನಿ. ಆದ್ರೆ ಉತ್ತರ ಸರಿಯಾಗೇ ಇತ್ತು. ಆ ಮಕ್ಕಳ ಮೇಲೆ ನನಗೆ ಪ್ರೀತಿ ಇತ್ತು ಮೇಷ್ಟ್ರೇ, ಸತ್ಯವಾಗ್ಲೂ ಇತ್ತು. ಪಾಪ ಅಂತ ಸುಲಭದ ಲೆಕ್ಕನೇ ಕೊಟ್ಟೆ. ಅವಕ್ಕೆ ಎಷ್ಟು ಬರುತ್ತೆ ಅಂತ ನೋಡೋಕೇ ಹೋಗಲಿಲ್ಲ."

 ಯಾರೋ ನೀರಿನ ಲೋಟ ಅವರ ಕಡೆ ತಳ್ಳಿದರು.

"ನಾಳೆ ಯಾರೋ ನನ್ನ ಮೇಲೆ ಸುಳ್ಳು ಬರೆದ್ರೆ?" ಅಂದರು ಆಟದ ಮೇಷ್ಟ್ರು. ಅವರಿಗೆ ನಿಜವಾಗಿಯೂ ಭಯ ಇತ್ತು. ಅವರದ್ದೂ ತಪ್ಪಲ್ಲ.

"ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಲ್ವಾ? ಹಾಗೇ ನೋಡೋದು. ಚೀಟಿ ಬಂದ ತಕ್ಷಣ ತೀರ್ಪಲ್ಲ. ಹೋಗಿ ನೋಡಿ, ಕೇಳಿ, ಆಮೇಲೆ ಮಾತು. ಸುಳ್ಳಾದ್ರೆ ನಾನೇ ದೊಡ್ಡದಾಗಿ ತಪ್ಪು ಗುರುತು ಹಾಕ್ತೀನಿ, ನಿಮ್ಮ ಸೀಟಿಗಿಂತ ಜೋರಾಗಿ ಎಲ್ಲರಿಗೂ ಹೇಳ್ತೀನಿ. ಆದ್ರೆ ಪೆಟ್ಟಿಗೆ ಇರಲಿ. ಬೀಗದ ಕೈ ನನ್ನ ಹತ್ರನೇ ಇರಲಿ. ಬರೋ ಪ್ರತಿ ಚೀಟಿನೂ ನನ್ನ ಅಕ್ಷರದಲ್ಲೇ ಈ ಮೇಜಿಗೆ ಬರುತ್ತೆ. ಯಾವ ಮಗುನೂ ಸಿಕ್ಕಿಬೀಳಬಾರದು."

"ಪೆಟ್ಟಿಗೆ ಇರಲಿ ಅನ್ನೋರು ಕೈ ಎತ್ತಿ," ಅಂದರು ಹೆಡ್‌ಮಿಸ್. ಕೈಗಳು ಎದ್ದವು. ಆಟದ ಮೇಷ್ಟ್ರ ಕೈ ಕೊನೆಗೆ, ಅರ್ಧಕ್ಕೆ ಎದ್ದಿತು. ಅಷ್ಟರಲ್ಲಿ ಟೀಚರಿಗೆ ಅವರಿಗೊಂದು ವಿಷಯ ಹೇಳಬೇಕಿತ್ತು ಅಂತ ನೆನಪಾಯಿತು. "ಮೇಷ್ಟ್ರೇ, ನಲವತ್ತೈದು ಜನದ ಪಂದ್ಯಾವಳಿಗೆ ಎಷ್ಟು ಪಂದ್ಯ?" ಅಂತ ಕೇಳಿ, ಅವರು ಕಾಗದ ಪೆನ್ನು ಹುಡುಕುವುದನ್ನು ನೋಡಿ, ಸೋತವರನ್ನು ಎಣಿಸಿ ಅಂತ ಹೇಳಿಕೊಟ್ಟರು. ಇಪ್ಪತ್ತು ವರ್ಷ ಪಂದ್ಯಾವಳಿ ನಡೆಸಿದ ಮನುಷ್ಯ ಬಾಯಿ ಬಿಟ್ಟುಕೊಂಡು ಕೂತ. ಅವರ ಕೈ ಆಮೇಲೆ ಪೂರ್ತಿ ಮೇಲೆದ್ದಿತು, ಪೆಟ್ಟಿಗೆಗೋ ಲೆಕ್ಕಕ್ಕೋ ಗೊತ್ತಿಲ್ಲ.

ಸೋಮವಾರ ಕೊನೆಯ ಗಂಟೆ ಹೊಡೆದು ಐದು ನಿಮಿಷವಾಗಿರಲಿಲ್ಲ, ಲೆಕ್ಕದ ಟೀಚರ್ ಹಳದಿ ಪೆಟ್ಟಿಗೆಯ ಮುಂದೆ. ಒಂದು ಚೀಟಿ ಇತ್ತು. ಚೌಕುಳಿ ಹಾಳೆ, ಎಂಟು ಮಡಿಕೆ. ಅಲ್ಲೇ, ಮೆಟ್ಟಿಲ ಕೆಳಗೆ ನಿಂತೇ ಬಿಚ್ಚಿದರು.

"ಡಬ್ಬಿಯಿಂದ ನಂಬರು ಎತ್ತುವುದು ಸರಿಯಾಗಿದೆ. ಆದರೆ ನಮ್ಮ 11 ಜನರಲ್ಲಿ ಯಾರಾದರೂ ಬೋರ್ಡಿಗೆ ಬಂದರೆ ಮಾತ್ರ ಟೀಚರ್ ಬಿಡಿಸಿ ಬಿಡಿಸಿ, ಜೋರಾಗಿ ಮಾತಾಡುತ್ತಾರೆ. ನಮಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ."

ಕೈ ತುರುಬಿಗೆ ಹೋಯಿತು. ಈ ಸಲ ಟೀಚರ್ ಅದನ್ನು ಅಲ್ಲೇ ತಡೆದು ಹಿಡಿದರು. ತಾಳೆ ನೋಡಬೇಕು ಅಂತ ಹೇಳಿದವರು ಅವರೇ ತಾನೆ. ಕಣ್ಣು ಮುಚ್ಚಿ, ಶುಕ್ರವಾರ ಕನ್ನಡಕದ ಹುಡುಗನನ್ನು ತಾವು ಕರೆದದ್ದನ್ನು ನೆನಪಿಗೆ ತಂದುಕೊಂಡರು. ಆಮೇಲೆ ಇವತ್ತು ಮುಂದಿನ ಬೆಂಚಿನವನನ್ನು ಕರೆದದ್ದನ್ನು. ಎರಡು ದನಿಯನ್ನೂ ಪಕ್ಕಪಕ್ಕ ಇಟ್ಟು ಕೇಳಿದರು. "ಬಾ... ಪುಟ್ಟಾ." "ಬಾರೋ, ಬೇಗ." ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮೆಟ್ಟಿಲ ಕೆಳಗೆ ಒಬ್ಬರೇ ನಿಂತು ಕಿವಿ ಮುಚ್ಚಿಕೊಂಡರು.

ಪೆನ್ನು ತೆಗೆದರು. ಚೀಟಿಯನ್ನು ಹಳದಿ ಪೆಟ್ಟಿಗೆಯ ಮೇಲೆ ಇಟ್ಟು, ಎಲ್ಲ ಗೊತ್ತಿದ್ದು, ಒತ್ತಿ, ದೊಡ್ಡದಾಗಿ ಒಂದು ಟಿಕ್ ಹಾಕಿದರು. ಸಹಿ ಮಾಡಿದರು, ತಾರೀಖು ಬರೆದರು. ಎಂಟು ಮಡಿಕೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು.

ಆಮೇಲೆ ಮಂಡಿ ಹಿಡಿದುಕೊಂಡು, ಎರಡೆರಡು ಮೆಟ್ಟಿಲು ಹತ್ತುತ್ತ, ಸ್ಟಾಫ್ ರೂಮಿನವರೆಗೂ ಕೇಳುವ ಹಾಗೆ ಕೂಗಿದರು.

"ಹೆಡ್‌ಮಿಸ್! ಮೇಷ್ಟ್ರೇ! ಯಾರೂ ಹೋಗ್ಬೇಡಿ, ಒಂದು ಬಿಳಿ ಹಾಳೆ ಕೊಡಿ! ಇನ್ನೊಂದು ಬಂದಿದೆ, ಇನ್ನೊಂದು! ಮತ್ತೆ ನನ್ನ ಮೇಲೇ!"